ಗೊಂಬೆಯ ಮೈಬಣ್ಣ

ದಸರೆಯ ಮಣ್ಣಿನ ಗೊಂಬೆಗಳಿಗೆಲ್ಲ ನಸುಗೆಂಪು ಮೈಬಣ್ಣವನ್ನೇ ಬಳಿಯುವುದು ನನ್ನ ರೂಢಿಯಾಗಿತ್ತು. “ತಾತ, ಇವರಲ್ಲಿ ನನ್ನ ಬಣ್ಣದವರು ಒಬ್ಬರೂ ಇಲ್ಲವಲ್ಲ?” ಎಂದಳು ಮೊಮ್ಮಗಳು. ನಾನು ನಾಚಿದೆ.

ಅನಂತರ ಕಲಿತುದನ್ನು ನಿಮಗೂ ಹೇಳುತ್ತೇನೆ. ಕೆಂಗಂದು ಅಕ್ರಿಲಿಕ್ ಬಣ್ಣಕ್ಕೆ ಮಣ್ಣುಹಳದಿ ಬೆರೆಸಿ, ನೀರು ಕೂಡಿಸಿ, ಹಾಲಿನಷ್ಟು ತೆಳುಮಾಡಿರಿ. ಒಣಗಿದಾಗ ಅದು ತುಸು ಗಾಢವಾಗುವುದರಿಂದ ಮೊದಲು ಕಾಗದದ ಮೇಲೆ ಹಚ್ಚಿ ನೋಡಿರಿ. ಒಂದು ಲೇಪ ಆರಿದ ಬಳಿಕವೇ ಇನ್ನೊಂದು. ಕಣ್ಣಗುಳಿ, ಗದ್ದದಡಿಯ ನೆರಳಿಗೆ ಕಪ್ಪು ಬೇಡ, ಮುಖ ಮಸಿಯಾದೀತು. ಅದೇ ಬಣ್ಣಕ್ಕೆ ತೊಟ್ಟು ನೀಲಿ ಸಾಕು. ಹಣೆ, ಮೂಗು, ಕೆನ್ನೆಯ ಉಬ್ಬಿಗೆ ಹಳದಿ ಹೆಚ್ಚಿಸಿದ ತಿಳಿಬಣ್ಣ. ಬರಿಯ ಬಿಳಿ ಬೆರೆಸಿದರೆ ಬೂದಿ ಬಳಿದಂತಾಗುತ್ತದೆ.

ಈಗ ನಮ್ಮ ಮನೆಯ ಶೆಟ್ಟಿತಿಗೊಂಬೆಯದು ಎಣ್ಣೆಗೆಂಪು ಬಣ್ಣ. ಮೊಮ್ಮಗಳು ಅದರ ಪಕ್ಕದಲ್ಲಿ ತನ್ನ ಕೈಯಿಟ್ಟು ನೋಡಿ ನಕ್ಕಳು.