ಸೈಕಲ್ ತುಳಿಯೋರಿಗೂ ಹೆಲ್ಮೆಟ್ ಬೇಕಾ?

(ಹೊಸೂರು ಕಡೆಯ ಒಂದು ಸಾಕ್ಷರತಾ ಕೇಂದ್ರದಲ್ಲಿ ಸಂಯೋಜಕರು ಆಡಿದ ಮಾತು)



ಹೋದ ವಾರ ನಾವು ಸೈಕಲ್ ಪಾಠ ಓದಿದ್ವಿ. ಓದು ಅರ್ಧಕ್ಕೇ ನಿಂತು ವಾದ ಶುರುವಾಯ್ತು. ಒಬ್ಬ ಅಣ್ಣ ಹೇಳಿದರು, “ಸೈಕಲ್ಲಲ್ಲಿ ಸ್ಕೂಲಿಗೆ ಹೋಗೋ ಮಕ್ಕಳಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಬೇಕು. ಹೆಲ್ಮೆಟ್ ಇಲ್ಲದ ಮಗು ಸೈಕಲ್ ಹತ್ತಬಾರದು. ಊರಲ್ಲೆಲ್ಲ ಕೂತು ತೀರ್ಮಾನ ಮಾಡೋಣ.” ಅವರ ಎದುರಿಗಿದ್ದ ಅಕ್ಕ ತಕ್ಷಣ ಕೇಳಿದರು, “ಹೆಲ್ಮೆಟ್ಟಿಗೆ ದುಡ್ಡಿಲ್ಲ ಅಂದ್ರೆ ನನ್ನ ಮಗಳು ಸ್ಕೂಲು ಬಿಡಬೇಕಾ?”

ಎರಡೂ ತಳ್ಳಿಹಾಕುವ ಮಾತಲ್ಲ. ಇವತ್ತು ಅದನ್ನೇ ನಿಧಾನವಾಗಿ ನೋಡೋಣ.

ಮೊದಲು ಕಾನೂನು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 129ನೇ ಕಲಂ ಪ್ರಕಾರ ಬೈಕು, ಸ್ಕೂಟರ್ ಓಡಿಸುವವರು ಹೆಲ್ಮೆಟ್ ಹಾಕಬೇಕು. ಹಿಂದೆ ಕೂತವರೂ ಹಾಕಬೇಕು. 2019ರ ತಿದ್ದುಪಡಿಯಲ್ಲಿ ಇದರ ದಂಡ 1,000 ರೂಪಾಯಿ ಆಯಿತು. ಆದರೆ ತುಳಿಯುವ ಸೈಕಲ್ಲಿಗೆ ಇಂಜಿನ್ ಇಲ್ಲ. ಅದಕ್ಕೆ ಈ ಕಲಂ ಅನ್ವಯ ಆಗಲ್ಲ. ಹಾಗಾಗಿ ಹಾಕೋದು ಬಿಡೋದು ನಮ್ಮ ಕೈಲಿದೆ.

ಈಗ ಹೆಲ್ಮೆಟ್ ಏನು ಮಾಡುತ್ತೆ ಅಂತ ನೋಡೋಣ. ಸೈಕಲ್ ಹೆಲ್ಮೆಟ್ ಹಗುರ. ಗಾಳಿ ಆಡೋಕೆ ಮೇಲೆ ಕಿಂಡಿಗಳು ಇರ್ತವೆ. ಒಳಗಡೆ ಥರ್ಮಕೋಲ್ ತರದ ದಪ್ಪ ಪದರ. ಟಿವಿ ಪೆಟ್ಟಿಗೆಯಲ್ಲಿ ಟಿವಿ ಸುತ್ತ ಥರ್ಮಕೋಲ್ ಇಟ್ಟಿರ್ತಾರಲ್ಲ, ಅದೇ ಕೆಲಸ. ಬಿದ್ದಾಗ ಆ ಪದರ ತಾನು ಜಜ್ಜಿಹೋಗಿ ತಲೆಗೆ ಬೀಳೋ ಪೆಟ್ಟನ್ನು ಕಡಿಮೆ ಮಾಡುತ್ತೆ. ಅದಕ್ಕೇ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಮೇಲೆ ಚೆನ್ನಾಗೇ ಕಾಣಬಹುದು, ಒಳಗೆ ಅದರ ಶಕ್ತಿ ಮುಗಿದಿರುತ್ತೆ.

ಇದು ಉಪಯೋಗಕ್ಕೆ ಬರುತ್ತಾ? ಬರುತ್ತೆ. ಬೇರೆ ಬೇರೆ ದೇಶಗಳಲ್ಲಿ ಸೈಕಲ್ಲಿಂದ ಬಿದ್ದು ಗಾಯಗೊಂಡ 64,000ಕ್ಕೂ ಹೆಚ್ಚು ಜನರ ಲೆಕ್ಕವನ್ನು ಆಸ್ಟ್ರೇಲಿಯಾದ ಸಂಶೋಧಕರು 2016ರಲ್ಲಿ ಒಟ್ಟುಗೂಡಿಸಿ ನೋಡಿದರು. ಹೆಲ್ಮೆಟ್ ಹಾಕಿದ್ದವರಲ್ಲಿ ತಲೆಗೆ ಗಾಯ ಆಗುವ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ತಲೆಗೆ ಭಾರಿ ಪೆಟ್ಟು ಬೀಳುವುದು ಅದಕ್ಕಿಂತಲೂ ಕಡಿಮೆಯಾಗಿತ್ತು. ಆ ಅಣ್ಣನ ಮಾತಿಗೆ ಇಷ್ಟು ಬಲ ಇದೆ.

ಆದರೆ ಹೆಲ್ಮೆಟ್ ಕವಚಕುಂಡಲ ಅಲ್ಲ. ಅದನ್ನು ಪರೀಕ್ಷೆ ಮಾಡುವಾಗ ಒಂದೂವರೆ, ಎರಡು ಮೀಟರ್ ಎತ್ತರದಿಂದ ಕೆಳಗೆ ಬೀಳಿಸಿ ನೋಡ್ತಾರೆ. ಅಂದರೆ ಸೈಕಲ್ಲಿಂದ ಜಾರಿ ನೆಲಕ್ಕೆ ಬಿದ್ದಷ್ಟು ಪೆಟ್ಟು. ಬೆಂಗಳೂರು ರಸ್ತೆಯಲ್ಲಿ ಓಡೋ ಲಾರಿ ಬಂದು ಗುದ್ದಿದರೆ ಅದು ತಡೆಯೋದು ಕಷ್ಟ. ದೆಂಕಣಿಕೋಟೆ ಕಡೆ ರಸ್ತೆಗೆ ಆನೆ ಬಂದ್ರೆ ಏನು ಮಾಡಬೇಕು ಅಂತ ಕೇಳಬೇಡಿ. ಆಗ ಸೈಕಲ್ ಬಿಟ್ಟು ಓಡೋದೇ!

ಇನ್ನು ಕಡ್ಡಾಯದ ಮಾತು. ಇದನ್ನು ಮಾಡಿ ನೋಡಿದವರು ಇದ್ದಾರೆ. ಆಸ್ಟ್ರೇಲಿಯಾ ದೇಶದ ವಿಕ್ಟೋರಿಯ ರಾಜ್ಯದಲ್ಲಿ 1990ರ ಜುಲೈ 1ರಿಂದ ಸೈಕಲ್ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಆಯಿತು. ಪ್ರಪಂಚದಲ್ಲೇ ಅದು ಮೊದಲು. ಮೆಲ್ಬರ್ನ್ ನಗರ ಇರೋದು ಅದೇ ರಾಜ್ಯದಲ್ಲಿ. ಕಾನೂನು ಬರುವ ಮೊದಲು ನೂರಕ್ಕೆ 31 ಜನ ಹೆಲ್ಮೆಟ್ ಹಾಕ್ತಿದ್ದರು. ಮರುವರ್ಷ ನೂರಕ್ಕೆ 75 ಜನ ಹಾಕಿದರು. ತಲೆಗೆ ಗಾಯವಾಗಿ ಆಸ್ಪತ್ರೆ ಸೇರುವವರೂ ಕಡಿಮೆಯಾದರು. ಕಾನೂನು ಗೆದ್ದಿತು ಅಂತ ಬಹಳ ಜನ ಹೇಳಿದರು.

ಅಷ್ಟರಲ್ಲಿ ರಸ್ತೆಯಲ್ಲಿ ನಿಂತು ಸೈಕಲ್ ಎಣಿಸಿದವರಿಗೆ ಇನ್ನೊಂದು ವಿಷಯ ಕಂಡಿತು. ಮೆಲ್ಬರ್ನಿನಲ್ಲಿ ಸೈಕಲ್ ತುಳಿಯೋ ಹರೆಯದ ಮಕ್ಕಳೇ ಕಮ್ಮಿಯಾಗಿದ್ದರು. ಹಿಂದಿನ ವರ್ಷಕ್ಕಿಂತ ನೂರಕ್ಕೆ ನಲವತ್ತರಷ್ಟು ಕಮ್ಮಿ! ಹೆಲ್ಮೆಟ್ ಹಾಕಲು ಇಷ್ಟವಿಲ್ಲದವರು ಸೈಕಲ್ಲನ್ನೇ ಬಿಟ್ಟರು ಅಂತ ಕೆಲವರು ವಾದಿಸಿದರು. ಸೈಕಲ್ಲೇ ಕಮ್ಮಿಯಾದರೆ ಗಾಯವೂ ಕಮ್ಮಿಯಾಗಲೇಬೇಕಲ್ಲ, ಅದರಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು ಅಂತ ಕೇಳಿದರು. ಮೂವತ್ತು ವರ್ಷ ದಾಟಿದರೂ ಓದಿದವರು ಈ ಲೆಕ್ಕದ ಮೇಲೆ ಜಗಳ ಆಡ್ತಾನೇ ಇದ್ದಾರೆ. ಕಾನೂನು ಮಾತ್ರ ಅಲ್ಲಿ ಹಾಗೇ ಉಳಿದಿದೆ.

ಮೆಕ್ಸಿಕೋ ನಗರದಲ್ಲೂ ಇಂಥ ಒಂದು ನಿಯಮ ಇತ್ತು. 2010ರಲ್ಲಿ ಬಾಡಿಗೆ ಸೈಕಲ್ ಯೋಜನೆ ತಂದಾಗ ಅದನ್ನು ತೆಗೆದರು. ನೆದರ್‌ಲ್ಯಾಂಡ್ಸ್ ದೇಶದ್ದು ಇನ್ನೂ ಸೋಜಿಗ. ಅಲ್ಲಿ ಜನರಿಗಿಂತ ಸೈಕಲ್ಲೇ ಹೆಚ್ಚು. ಆದರೂ ಹೆಲ್ಮೆಟ್ ಹಾಕೋರು ತೀರಾ ಕಡಿಮೆ. ಯಾಕೆ ಅಂದರೆ ಅಲ್ಲಿ ಸೈಕಲ್ಲಿಗೆ ಬೇರೆ ದಾರಿ ಇದೆ. ಊರೊಳಗೆ ಕಾರುಗಳು ನಿಧಾನ ಹೋಗಬೇಕು. ನಮ್ಮಲ್ಲಿ ಲಾರಿ, ಕಂಪನಿ ಬಸ್ಸು, ತರಕಾರಿ ಟೆಂಪೊ, ಎಲ್ಲದರ ಪಕ್ಕದಲ್ಲೇ ಮಗುವಿನ ಸೈಕಲ್ಲು. ಅದಕ್ಕೇ ‘ಅವರು ಹಾಕಲ್ಲ, ನಮಗ್ಯಾಕೆ’ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಈಗ ಆ ಅಕ್ಕನ ಮಾತಿಗೆ ಬರ್ತೀನಿ. ನಮ್ಮ ತಮಿಳುನಾಡಿನಲ್ಲಿ ಸೈಕಲ್ ಅಂದ್ರೆ ಬರೀ ಎರಡು ಚಕ್ರ ಅಲ್ಲ. ಪುದುಕ್ಕೋಟೆ ಜಿಲ್ಲೆಯಲ್ಲಿ 1991ರಲ್ಲಿ, ನಮ್ಮ ಹಾಗೇ, ಅಕ್ಷರ ಕಲಿಸೋ ಆಂದೋಲನ ಶುರುವಾಯ್ತು. ಆಗ ಅಲ್ಲಿ ಕಲೆಕ್ಟರ್ ಆಗಿದ್ದವರು ಶೀಲಾ ರಾಣಿ ಚುಂಕತ್. ಅವರು ಅಕ್ಷರದ ಜೊತೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕಲ್ಲು ಒಡೆಯೋರು, ಕೂಲಿಯವರು, ಅಂಗನವಾಡಿ ಕೆಲಸದವರು ಸೀರೆ ಎತ್ತಿ ಕಟ್ಟಿ ಕಲಿತರು. ಜನ ನಕ್ಕರು, ಚುಡಾಯಿಸಿದರು. ಇವರು ಬಿಡಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು ಅಂತ ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ನೀರಿಗೆ, ಕೆಲಸಕ್ಕೆ, ಸಂತೆಗೆ ಯಾರನ್ನೂ ಕಾಯದೆ ಹೋಗೋ ಹಾಗಾಯ್ತು. ಆಮೇಲೆ ನಮ್ಮ ಸರ್ಕಾರ 11ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಬಸ್ಸಿಲ್ಲದ ಊರಿನ ಎಷ್ಟು ಹುಡುಗಿಯರು ಆ ಸೈಕಲ್ಲಿಂದ ಓದು ಮುಂದುವರಿಸಿದ್ದಾರೆ, ನಿಮ್ಮ ಮನೆಗಳಲ್ಲೇ ನೋಡಿ.

ಆವತ್ತು ಪುದುಕ್ಕೋಟೆಯಲ್ಲಿ ‘ಹೆಲ್ಮೆಟ್ ಇದ್ದರೆ ಮಾತ್ರ ಹತ್ತು’ ಅಂದಿದ್ದರೆ ಎಷ್ಟು ಜನ ಹತ್ತುತ್ತಿದ್ದರು?

ಹಾಗಾಗಿ ನನ್ನ ಅಭಿಪ್ರಾಯ ಬಿಚ್ಚಿ ಹೇಳಿಬಿಡ್ತೀನಿ. ಕೈಲಾದವರು ಮಕ್ಕಳಿಗೆ ಹೆಲ್ಮೆಟ್ ಖಂಡಿತ ಕೊಡಿಸಿ. ಆದರೆ ಊರ ಕಟ್ಟುಪಾಡು ಮಾಡಬೇಡಿ. ಮಾಡಿದರೆ ಮೊದಲು ಮನೆಯಲ್ಲಿ ಉಳಿಯೋದು ಬಡವರ ಮನೆ ಹುಡುಗಿ. ಊರಲ್ಲಿ ಕೂರೋದೇ ಆದರೆ ಬೇರೆ ಕೆಲಸಕ್ಕೆ ಕೂರೋಣ. ಸ್ಕೂಲ್ ಮುಂದೆ ಗಾಡಿಗಳ ವೇಗ ಕಡಿಮೆ ಮಾಡೋಕೆ ಉಬ್ಬು ಬೇಕು, ರಸ್ತೆ ಅಂಚಿನ ಗುಂಡಿ ಮುಚ್ಚಬೇಕು ಅಂತ ಒಂದು ಅರ್ಜಿ ಬರೆಯೋಣ. ಅರ್ಜಿ ಬರೆಯೋ ಪಾಠ ಹೇಗೂ ಮುಂದಿನ ತಿಂಗಳು ಇದೆ. ಅದನ್ನು ಈ ವಾರವೇ ಮಾಡೋಣ.

ಹೆಲ್ಮೆಟ್ ತಗೊಳ್ಳೋರು ಮಗುವನ್ನು ಅಂಗಡಿಗೆ ಕರ್ಕೊಂಡು ಹೋಗಿ. ‘ಬೆಳೆಯೋ ಮಗು’ ಅಂತ ದೊಡ್ಡದು ತರಬೇಡಿ, ಇದು ಯೂನಿಫಾರಂ ಅಲ್ಲ. ಹೆಲ್ಮೆಟ್ ಹಣೆ ಮುಚ್ಚಬೇಕು. ಹುಬ್ಬಿಂದ ಎರಡು ಬೆರಳು ಮೇಲೆ ಇರಬೇಕು. ಗದ್ದದ ಕೆಳಗಿನ ಪಟ್ಟಿ ಬಿಗಿಯಾಗಿರಬೇಕು. ತಲೆ ಅಲ್ಲಾಡಿಸಿದರೆ ಅದು ಜಾರಬಾರದು. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲೇ ಹಾರಿಹೋಗುತ್ತೆ. ಮನೆಯಲ್ಲಿರೋ ಬೈಕಿನ ದೊಡ್ಡ ಹೆಲ್ಮೆಟ್ ಮಗುವಿನ ತಲೆಗೆ ಹಾಕಬೇಡಿ. ಭಾರ ಆಗುತ್ತೆ, ಪಕ್ಕದ ಗಾಡಿಯೂ ಸರಿಯಾಗಿ ಕಾಣಲ್ಲ.

ತಗೊಳ್ಳೋಕೆ ಆಗದವರೂ ಇವತ್ತು ರಾತ್ರಿಯೇ ಒಂದು ಕೆಲಸ ಮಾಡಬಹುದು. ಮಗುವಿನ ಸೈಕಲ್ಲಿನ ಎರಡೂ ಬ್ರೇಕ್ ಒತ್ತಿ ನೋಡಿ. ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರ್ ಇದೆಯಾ, ಒಡೆದಿದೆಯಾ ನೋಡಿ. ನಾಳೆ ಬರುವಾಗ ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಬನ್ನಿ: ಬ್ರೇಕ್ ಸರಿ ಇದೆ, ಅಥವಾ ಸರಿ ಇಲ್ಲ. ‘ಬ್ರೇಕ್’ಗೆ ಬ ಒತ್ತಕ್ಷರ ರ, ಮರೀಬೇಡಿ.