ನರಕ್ಕೆ ಪೆಟ್ಟಾದ ನಾಯಿಗೆ ದಬ್ಬೆಯ ಆಸರೆ



ಹೊಲ ಕಾಯುವ ನಾಯಿಗೆ ವಾಹನ ಬಡಿದಾಗ, ಮೂಳೆ ಮುರಿಯದಿದ್ದರೂ ಮುಂಗಾಲಿನ ನರಕ್ಕೆ ಪೆಟ್ಟಾಗಬಹುದು. ಆಗ ಪಾದ ಹಿಂದಕ್ಕೆ ಮಡಚಿಕೊಂಡು, ಅದರ ಮೇಲ್ಭಾಗ ನೆಲಕ್ಕೆ ಉಜ್ಜಿ ಹುಣ್ಣಾಗುತ್ತದೆ. ಅಂತಹ ನಾಯಿಯನ್ನು ಕೈಬಿಡದೆ ಕೂಡಲೇ ಪಶುವೈದ್ಯರಿಗೆ ತೋರಿಸಿರಿ. ಬೆರಳು ಚಿವುಟಿದಾಗ ನೋವು ತಿಳಿದರೆ ಗುಣವಾಗುವ ಭರವಸೆ ಹೆಚ್ಚು.

ಮೊಣಕೈ ಕುಸಿಯದೆ ಭಾರ ಹೊರಬಲ್ಲ ನಾಯಿಗೆ ಮಾತ್ರ ದಬ್ಬೆ ಸಹಾಯಕ. ವೈದ್ಯರು ತೋರಿಸಿಕೊಟ್ಟಂತೆ ಹತ್ತಿ ಸುತ್ತಿ, ಬಿಗಿಯಾಗದಂತೆ ಕಟ್ಟಬೇಕು. ದಿನವೂ ಬಿಚ್ಚಿ, ಬಾವು, ಹುಣ್ಣು ಇವೆಯೇ ಎಂದು ನೋಡಿ, ಕೀಲುಗಳನ್ನು ಮೆಲ್ಲಗೆ ಆಡಿಸಬೇಕು.

ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಆದ್ದರಿಂದ ತಿಂಗಳುಗಟ್ಟಲೆ ತಾಳ್ಮೆ ಬೇಕು. ದಬ್ಬೆ ನರವನ್ನು ಗುಣಪಡಿಸುವುದಿಲ್ಲ. ಗುಣವಾಗುವವರೆಗೆ ಪಾದವನ್ನು ಉಳಿಸುತ್ತದೆ.