ಬೆಳ್ಳಾವೆಯವರ ಸ್ಮರಣೆ

ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡನ್ನು ತೂಗಬಿಟ್ಟು, ದಾರದ ನೀಳವನ್ನು ನಾಲ್ಮಡಿಗೊಳಿಸಿದಲ್ಲಿ ಆಂದೋಲನದ ಕಾಲವು ಇಮ್ಮಡಿಯಾಗುವುದನ್ನು ಕನ್ನಡದಲ್ಲಿಯೇ ಕಲಿಯುತ್ತಿರುವ ಬೀದರ ಜಿಲ್ಲೆಯ ಔರಾದಿನ ವಿದ್ಯಾರ್ಥಿಗೆ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರು ತಿಳಿಯದಿರಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಆ ಮಹನೀಯರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಅಲ್ಪಾಯುವಾದರೂ, ಕನ್ನಡದಲ್ಲಿ ಶಾಸ್ತ್ರವನ್ನು ನಿರೂಪಿಸಲಾಗದೆಂಬ ಶಂಕೆಗೆ ಉತ್ತರ ದೊರೆತಂತಾಯಿತು. ಮುಂದೆ 1931ರಲ್ಲಿ ಪಂಪಭಾರತವನ್ನು ಸಂಪಾದಿಸಿಕೊಟ್ಟವರೂ ಇವರೇ. (ಇಂದು ಇಂಥ ಭೌತಶಾಸ್ತ್ರದ ಅಧ್ಯಾಪಕರನ್ನು ಹುಡುಕಬೇಕಾದೀತು!)

ಅದೇ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಅದರ ಭಾಷಾಂತರ ವಿಭಾಗವು ವಿಜ್ಞಾನದ ಪಠ್ಯಗಳನ್ನು ಉರ್ದುವಿಗೆ ತರತೊಡಗಿತ್ತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವು ಸಾಧ್ಯವೆಂದು ತೋರಿದ ಆ ಸಾಹಸವು ಶ್ಲಾಘ್ಯವೇ ಸರಿ. ಆದರೆ ನಿಜಾಮರ ಆಳ್ವಿಕೆಯ ಬೀದರದ ಕನ್ನಡ ಬಾಲಕನಿಗೆ ಅದು ಮನೆಯ ಮಾತಾಗಿರಲಿಲ್ಲ. ಕಮಲನಗರ, ಭಾಲ್ಕಿಗಳಲ್ಲಿ ಮಠಾಧೀಶರಾದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯಲ್ಲಿ ಜನಜನಿತವಾದ ಸಂಗತಿ. 1956ರಲ್ಲಿ ಬೀದರವು ಮೈಸೂರು ರಾಜ್ಯವನ್ನು ಸೇರಿ, ಆ ಫಲಕಗಳ ಅಗತ್ಯವೇ ಇಲ್ಲವಾಗುವ ಹೊತ್ತಿಗೆ, ಬೆಳ್ಳಾವೆಯವರು ಕಾಲವಶರಾಗಿ 13 ವರ್ಷಗಳು ಸಂದಿದ್ದವು.